ಭೀಮಗೊಂಡನ ಗೋಡೆಯ ಕೆಂಪು ಗೆರೆ

ಭೀಮಗೊಂಡಜ್ಜನ ಮಹಾಪೂರ ವರ್ಷಕ್ಕೆ ನಾಲ್ಕು ಬೆರಳಿನಂತೆ ಬೆಳೆಯುತ್ತಿತ್ತು. ಬಂದದ್ದು ಎರಡು ಸಾವಿರದ ಐದರಲ್ಲಿ. ನದಿಯಲ್ಲಿ ಆ ನೀರು ಎಂದೋ ಇಳಿದಿತ್ತು, ಅಜ್ಜನ ಗೋಡೆಯ ಮೇಲೆ ಮಾತ್ರ ಏರುತ್ತಲೇ ಇತ್ತು.

ದೂಧಗಂಗೆಯ ದಂಡೆಯ ಆ ಓಣಿಯಲ್ಲಿ ಮನೆಮನೆಗೂ ಪೂರದ ನೀರು ಮುಟ್ಟಿದ ಎತ್ತರಕ್ಕೆ ಒಂದು ಕೆಂಪು ಗೆರೆ ಉಂಟು. ದೀಪಾವಳಿಗೆ ಸುಣ್ಣ ಬಳಿದಾಗ ಅದು ಮುಚ್ಚಿಹೋಗುತ್ತದೆ, ಮತ್ತೆ ಎಳೆಯಬೇಕು. ಎದುರುಮನೆಯ ತುಕಾರಾಮ ತನ್ನ ಎರಡು ಸಾವಿರದ ಹತ್ತೊಂಬತ್ತರ ಪೂರವನ್ನು ಏರಿಸುತ್ತಾ ಹೊರಟರೆ ಅಜ್ಜ ಕೈಕಟ್ಟಿ ಕೂರುವ ಗಂಡೇ? ಈಗ ಅಜ್ಜನ ಗೆರೆ ಅವನ ರುಮಾಲನ್ನೂ ದಾಟಿತ್ತು.

ಶ್ರಾವಣದ ಒಂದು ಮುಂಜಾನೆ ನೀರಾವರಿ ಇಲಾಖೆಯಿಂದ ರೂಪಾಲಿ ಎಂಬ ಎಂಜಿನಿಯರ್ ಹುಡುಗಿ ಟೇಪು ಹಿಡಿದು ಬಂದಳು.

"ಹಳೇ ಪೂರಗಳ ಎತ್ತರಾ ಎಲ್ಲಾ ಕೂಡಿಸಿ ಲೆಕ್ಕಾ ಹಾಕ್ತೀವ್ರಿ. ನೂರು ವರ್ಷಕ್ಕೊಮ್ಮೆ ಬರೂವಂಥಾ ನೀರು ಎಲ್ಲಿಮಟಾ ಏರತೈತಿ ಅಂತ ತಿಳೀತೈತಿ."

"ಹತ್ತೊಂಬತ್ತರಾಗ ಬಂದ ಹೋತಲ್ರಿ. ಇನ್ನ ನೂರು ವರ್ಷ ಆರಾಮ!" ಎಂದ ತುಕಾರಾಮ.

"ಹಂಗಲ್ರಿ ಕಾಕಾ. ನದಿ ಕ್ಯಾಲೆಂಡರ್ ನೋಡಿ ಬರೂದಿಲ್ಲ. ಪ್ರತಿ ವರ್ಷಾನೂ ನೂರಕ್ಕ ಒಂದು ಪಾಲು ಅಂಜಿಕಿ ಇದ್ದ ಇರತೈತಿ."

"ಮೊದಲ ನನ್ನ ಪೂರ ಅಳೀರಿ!" ಅಜ್ಜ ಎದೆಯುಬ್ಬಿಸಿ ಗೋಡೆ ತೋರಿಸಿದ.

ರೂಪಾಲಿ ಅಳೆದಳು. ಲ್ಯಾಪ್‌ಟಾಪ್ ಕುಟ್ಟಿದಳು. ಮುಖ ಸಣ್ಣದು ಮಾಡಿದಳು.

"ಅಜ್ಜಾರ, ಇದು ಖರೇ ಆದ್ರ ನಿಮ್ಮ ಮನಿ ಮುಳುಗಡಿ ಪಟ್ಟಿಗೆ ಹೋಗತೈತಿ. ಗುಡ್ಡದ ಮ್ಯಾಲೆ ಜಾಗಾ ಕೊಡ್ತಾರ, ಈ ಮನಿ ಬಿಡಬೇಕಾಗತೈತಿ."

ಒಂದೊಂದು ಕಲ್ಲನ್ನೂ ಅಜ್ಜ ತಾನೇ ಹೊತ್ತು ಕಟ್ಟಿದ ಮನೆ ಅದು. ಅದನ್ನು ಬಿಡುವುದೆಂದರೆ ಜೀವ ಬಿಟ್ಟಂತೆ. ಮಾನ ನೋಡಲೋ, ಮನೆ ನೋಡಲೋ?

"ಗೆರಿ... ಒಂದೀಟು ಏರೈತ್ರಿ," ಎಂದ ನೆಲ ನೋಡುತ್ತಾ.

"ಒಂದೀಟು?" ಒಳಗಿನಿಂದ ಹೆಂಡತಿ ಲಕ್ಕವ್ವ ಕೂಗಿದಳು. "ಅವತ್ತ ನೀರು ಬಂದದ್ದು ಮೊಣಕಾಲಮಟಾ. ನಾ ಅದರಾಗ ನಿಂತ ರೊಟ್ಟಿ ಬಡದೀನಿ!"

ಓಣಿಗೆ ಓಣಿಯೇ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ತುಕಾರಾಮ. ಆದರೆ ಟೇಪು ಅವನ ಬಾಗಿಲಿಗೆ ತಿರುಗಿತೋ ಇಲ್ಲವೋ, ಓಡಿ ಹೋಗಿ ತನ್ನ ಗೆರೆಗೆ ಬೆನ್ನು ಕೊಟ್ಟು ನಿಂತ.

"ನಮ್ಮದು ಬರೇ ಹಿಮ್ಮಡ ತೊಯ್ದಿತ್ರಿ."

ಅಜ್ಜನಿಗೆ ರೇಗಿತು. ಇಳಿಸುವುದರಲ್ಲೂ ಇವನೇ ಮುಂದೆಯೇ? "ನಮ್ಮ ಕಟ್ಟಿನೂ ಹತ್ತಿದ್ದಿಲ್ಲ, ಬರಕೋರಿ!"

ಆಮೇಲೆ ಕೇಳಬೇಕೇ! ಮನೆಮನೆಯವರೂ ಒದ್ದೆ ಅರಿವೆ ಹಿಡಿದು ಗೆರೆ ಒರೆಸತೊಡಗಿದರು. ಮಧ್ಯಾಹ್ನದ ಹೊತ್ತಿಗೆ ಆ ಊರಿಗೆ ಹುಟ್ಟಿದಾರಭ್ಯ ಪೂರವೇ ಬಂದಿರಲಿಲ್ಲ.

ರೂಪಾಲಿ ಹಣೆ ಚಚ್ಚಿಕೊಂಡಳು. "ಹತ್ತು ಸಾವಿರ ವರ್ಷಕ್ಕೊಮ್ಮೆ ಪೂರ ಅಂತ ಬರೀಲೇನ್ರಿ?"

"ಬರೀರಿ! ಬರೀರಿ!" ಎಂದಿತು ಓಣಿ ಒಕ್ಕೊರಲಿನಿಂದ.

"ಏನ್ರೀ," ಹಿತ್ತಲಿನಿಂದ ಲಕ್ಕವ್ವ ಅರಚಿದಳು, "ಎಮ್ಮಿ ಬಿಚ್ಚರಿ ಲಗೂನ! ನೀರು ಮೇವಿನ ಗ್ವಾದಲಿ ಮುಟ್ಟೈತಿ!"

ಕೊಲ್ಹಾಪುರದ ಕಡೆ ಎಂಟು ದಿನದಿಂದ ಜಡಿಯುತ್ತಿದ್ದ ಮಳೆಯ ನೀರು ನದಿಯ ದಂಡೆ ಮೀರಿ, ಹಿತ್ತಲು ದಾಟಿ, ಅಡುಗೆಮನೆ ದಾಟಿ, ಪಡಸಾಲೆಗೆ ಬಂತು. ಅಜ್ಜನ ಪಾದಗಳು ತೊಯ್ದವು. ರೂಪಾಲಿ ಸುಮ್ಮನೆ ಟೇಪಿನ ತುದಿಯನ್ನು ನೀರಿಗೆ ಇಳಿಸಿದಳು.

ಅಜ್ಜ ಮೆಲ್ಲಗೆ ಅವಳ ಹತ್ತಿರ ಸರಿದ.

"ಮೇಡಮ್ಮಾರ, ಗುಡ್ಡದ ಮ್ಯಾಲಿನ ಆ ಜಾಗಾ... ಮೂಡಲ ಬಾಗಲದ್ದು ಒಂದು ಸಿಗತೈತೇನ್ರಿ?"