ಟೀಚರ್ ಮಗ ಎಲ್ಲಿ ಕೂಡ್ತಾನ?

ನನಗೆ ಸಿಟ್ಟು ಬೇಗ ಬರುತ್ತದೆ, ಒಪ್ಪಿಕೊಳ್ಳುತ್ತೇನೆ. ಊರಿನ ಅಂಗನವಾಡಿಯಲ್ಲಿ ಏಳು ವರ್ಷದಿಂದ ಟೀಚರ್ ಆಗಿರುವವಳಿಗೆ ಬರದೆ ಇರುತ್ತದೆಯೇ? ಅವತ್ತಿನ ಸಿಟ್ಟಂತೂ ನ್ಯಾಯದ್ದೇ ಎಂದುಕೊಂಡಿದ್ದೆ. ಕುರಿ ಕಾಯುವ ಬೀರಣ್ಣ ತನ್ನ ನಾಲ್ಕು ವರ್ಷದ ಮಗಳು ಭಾಗ್ಯಳನ್ನು ಮರುದಿನ ಕುರಿಗಳ ಜೊತೆ ಕರೆದೊಯ್ಯುವವನಿದ್ದ. ಮೇವು ಹುಡುಕಿ ಹೋದ ಹಿಂಡು ಆರು ತಿಂಗಳು ಊರಿಗೆ ಬರುವುದಿಲ್ಲ. ನನ್ನ ಅಂಗನವಾಡಿಯಲ್ಲಿ ಈಗಷ್ಟೇ ಬಾಯಿಬಿಟ್ಟು ಹಾಡಲು ಕಲಿತ ಹುಡುಗಿ ಎಲ್ಲ ಮರೆತು ಬರುತ್ತಾಳೆ.

ಅವರ ಅಂಗಳಕ್ಕೆ ಹೋಗಿ ನಿಂತವಳೇ ಶುರುಮಾಡಿದೆ. “ಬೀರಣ್ಣ, ಹುಡುಗಿನ್ನ ಅಜ್ಜಿ ಹತ್ರ ಬಿಟ್ಟು ಹೋಗ್ರಿ. ಗಿಡ ಇದ್ದಾಗ ಬಗ್ಗಲಾರದ್ದು ಮರ ಆದ ಮ್ಯಾಲ ಬಗ್ಗತದೇನು?”

ಅವನು ಕತ್ತೆಯ ಮೇಲೆ ಸಾಮಾನು ಕಟ್ಟಲು ಹಗ್ಗ ಹೊಸೆಯುತ್ತಿದ್ದ. “ಅಲ್ಲೇನ್ ಕಲಸ್ತೀರಿ ಟೀಚರ? ತತ್ತಿ ತಿಂದು ಮಲಗೋದು ತಾನೆ?”

ಅಯ್ಯೋ ಶಿವನೇ! ಮೊಟ್ಟೆಯೊಂದೇ ಅಲ್ಲ, ಹಾಡು, ಬಣ್ಣ, ಎಣಿಕೆ, ನಾಲ್ಕು ಜನರೊಳಗೆ ಕೂಡುವುದು ಎಂದೆಲ್ಲ ಗಂಟಲು ಹರಿದುಕೊಂಡೆ. ಅವನ ತಾಯಿ ಸುಭದ್ರಮ್ಮ ಕಟ್ಟೆಯ ಮೇಲಿಂದ ಕೇಳಿದರು, “ಅಷ್ಟು ಚಲೋ ಇದ್ರ ನಿಮ್ಮ ಮಗ ವೀರುನ್ನ ಅಲ್ಲಿ ಯಾಕ ಕೂಡಸಂಗಿಲ್ರಿ? ವ್ಯಾನಿನ್ಯಾಗ ನಾರಾಯಣಖೇಡದ ಇಂಗ್ಲಿಷ್ ಸಾಲಿಗೆ ಕಳಸ್ತೀರಲ್ಲ?”

ನಾನು ತಟ್ಟನೆ ಅಂದೆ, “ನಾವು ಲಿಂಗಾಯತರು. ನಮಗ ತತ್ತಿ ನಡ್ಯಂಗಿಲ್ರಿ.”

“ತತ್ತಿ ಬ್ಯಾಡಂದ್ರ ಬಿಡ್ರಿ, ಕಲಿಯೋದು ಯಾಕ ಬ್ಯಾಡ? ಹೇಳೋದು ಆಚಾರ, ತಿನ್ನೋದು ಬದನಿಕಾಯಿ!”

ಬೀರಣ್ಣ ಆಗ ತಲೆ ಎತ್ತಿದ. “ನಾಳಿ ಒಂಬತ್ತಕ್ಕ ಹಿಂಡು ಅಂಗನವಾಡಿ ಮುಂದ ಹೋಗತದ. ನಿಮ್ಮ ಮಗ ಒಳಗ ಕುಂತಿದ್ರ ನನ್ನ ಮಗಳನ್ನ ಇಳಸ್ತೀನಿ. ಇಲ್ಲಂದ್ರ ಇಲ್ಲ.”

ಮನೆಯಲ್ಲಿ ಇದನ್ನು ಹೇಳಿದ್ದೇ ತಡ, ನನ್ನ ಗಂಡ ಧನರಾಜ ಹಾರಾಡಿದರು. “ಹುಚ್ಚು ಹಿಡದದೇನು? ಇಂಗ್ಲಿಷ್ ಬಿಡಿಸಿ ತತ್ತಿ ಕುದಿಸೋ ಖೋಲಿನ್ಯಾಗ ಕೂಡಸ್ತಿ? ನನ್ನ ಇಜ್ಜತ್ ಏನಾಗಬೇಕು?”

“ಆ ಖೋಲಿನ್ಯಾಗ ನಿಮ್ಮ ಹೆಂಡತಿ ಏಳು ವರ್ಷ ಕುಂತಾಳಲ್ರಿ. ಆಗ ಇಜ್ಜತ್ ಹೋಗಲಿಲ್ಲೇನು?”

ಅಂದೆ, ಆದರೆ ಒಳಗೇ ಕುಗ್ಗಿದೆ. ಟೈ, ಬೂಟಿನ ಆಸೆ ನನಗೂ ಇತ್ತು. ತತ್ತಿ ಬರೀ ನೆಪ. ನಾನು ಕಲಿಸುವುದರ ಮೇಲೆ ನನಗೇ ನಂಬಿಕೆ ಇರಲಿಲ್ಲ, ಊರವರನ್ನು ಮಾತ್ರ ಬೈಯುತ್ತಿದ್ದೆ. ನಾಚಿಕೆಯಾಯಿತು.

ಬೆಳಿಗ್ಗೆ ವ್ಯಾನ್ ಹಾರ್ನ್ ಮೇಲೆ ಹಾರ್ನ್ ಹೊಡೆಯಿತು. ಧನರಾಜ ಸ್ಕೂಲ್ ಬ್ಯಾಗ್ ಹಿಡಿದು ಬಾಗಿಲಲ್ಲೇ ನಿಂತಿದ್ದರು. ನಾನು ವೀರುವಿನ ಟೈ ಬಿಚ್ಚಿದೆ. ಅವನು ಭೋರೆಂದು ಅತ್ತ. ವ್ಯಾನ್ ಹೋಯಿತು.

ಅವನನ್ನು ಅಂಗನವಾಡಿಯ ಚಾಪೆಯ ಮೇಲೆ ಕೂರಿಸುವಷ್ಟರಲ್ಲಿ ಕುರಿಗಳ ಗಂಟೆ ಕೇಳಿಸಿತು. ಹಿಂಡು ಹಾದುಹೋಗುತ್ತಲೇ ಇತ್ತು, ಬೀರಣ್ಣ ಕಾಣಲಿಲ್ಲ. ಕೊನೆಗೆ ಕತ್ತೆ ಬಂತು. ಗಂಟುಗಳ ನಡುವೆ ಭಾಗ್ಯ ಕುಳಿತಿದ್ದಳು. ಬೀರಣ್ಣ ಬಾಗಿಲಲ್ಲಿ ಬಗ್ಗಿ ಒಳಗೆ ನೋಡಿದ. ಮಗಳನ್ನು ಎತ್ತಿ ಇಳಿಸಿದ.

ಅವಳು ಓಡಿಬಂದು ವೀರುವಿನ ಪಕ್ಕ ಕುಳಿತಳು. “ಅಳಬ್ಯಾಡೋ. ನಿನ್ನ ತತ್ತಿ ನಾ ತಿಂತೀನಿ.”

ಬೀರಣ್ಣ ನಗಲಿಲ್ಲ. “ಇದು ಇವತ್ತಿನ ಮಾತಲ್ಲರಿ ಟೀಚರ. ನಮ್ಮವ್ವ ದಿನಾ ಬಂದು ನೋಡತಾಳ. ನಿಮ್ಮ ಹುಡುಗ ಬರಲಾರದ ದಿನ ನಮ್ಮ ಹುಡುಗಿನೂ ಬರಂಗಿಲ್ಲ.”

“ಆತು,” ಅಂದೆ. ರಸ್ತೆಯಾಚೆ ನಮ್ಮ ಮನೆ ಬಾಗಿಲಲ್ಲಿ ಧನರಾಜ ಇನ್ನೂ ಬ್ಯಾಗ್ ಹಿಡಿದುಕೊಂಡೇ ನಿಂತಿದ್ದರು.