ಪ್ರಶ್ನೆಯಲ್ಲಿ ಹಿಮ ಇಲ್ಲ

ಉಗುರುಬಣ್ಣದ ವಾಸನೆ, ಎಲ್ಲಿಂದ, ಓ ಪಕ್ಕದ ಅಂಗಡಿಯದು, ಸಮಾಜಕಾರ್ಯದ ಲೈಸೆನ್ಸ್ ಪರೀಕ್ಷೆಯ ಕೋಣೆಗೂ ಆ ಅಂಗಡಿಗೂ ಒಂದೇ ಗೋಡೆ, ಆಚೆ ಯಾವಳೋ ಪುಣ್ಯವಂತೆ ಬೆರಳು ಚಾಚಿಕೊಂಡು ಹಾಯಾಗಿ ಕೂತಿದ್ದಾಳೆ, ಈಚೆ ವರ್ನೀಟಾ ಜೇಬುಗಳನ್ನು ಹೊರಗೆಳೆದು ತೋರಿಸಿ, ತೋಳು ಮಡಿಚಿ ತೋರಿಸಿ, ಕನ್ನಡಕದ ಕಡ್ಡಿಯನ್ನೂ ತಿರುಗಿಸಿ ತೋರಿಸಿ ಬಂದು ಕೂತಿದ್ದಾಳೆ, ಅಲ್ಲ, ಐವತ್ತರ ಹತ್ತಿರದ ಹೆಂಗಸು ಕನ್ನಡಕದ ಕಡ್ಡಿಯಲ್ಲಿ ಏನು ಬಚ್ಚಿಟ್ಟು ತರುತ್ತಾಳೆ, ಹಾಳಾಗಲಿ, ಓದು, ಕಂಪ್ಯೂಟರ್ ಪರದೆ ನೋಡು — ಒಬ್ಬ ತಾಯಿ ಕಾರ್ಯಕರ್ತೆಯ ಬಳಿ ಬಂದು ತನಗೆ ನಿದ್ದೆ ಬರುತ್ತಿಲ್ಲ ಎನ್ನುತ್ತಾಳೆ, ಕಾರ್ಯಕರ್ತೆ ಮೊದಲು ಏನು ಮಾಡಬೇಕು — ಮೊದಲು, ಈ ಮೊದಲು ಅನ್ನುವ ಮಾತೇ ಅವಳನ್ನು ಎರಡು ಸಲ ಮುಳುಗಿಸಿದ್ದು, ಇಷ್ಟು ವರ್ಷ ಟೊಲೆಡೊದ ಹೆಂಗಸರ ಆಶ್ರಯಮನೆಯಲ್ಲಿ ಬೆನ್ನು ಬಗ್ಗಿಸಿದವಳಿಗೆ ಮೊದಲು ಏನು ಮಾಡಬೇಕೆಂದು ಗೊತ್ತಿಲ್ಲವೇ, ಮೊದಲು ಕಾಫಿ, ಮೊದಲು ಬಾಗಿಲಿಗೆ ಚಿಲಕ, ಆದರೆ ಪರೀಕ್ಷೆಯ ನಾಲ್ಕು ಉತ್ತರಗಳಲ್ಲಿ ಕಾಫಿ ಒಂದು ದಿನವೂ ಇರುವುದಿಲ್ಲ. ಕೈಯಿಂದ ಉತ್ತರಗಳನ್ನು ಮುಚ್ಚು, ಮಗಳು ಡಿಯಾಂಡ್ರಾ ಹೇಳಿಕೊಟ್ಟ ಹಾಗೆ, ಮೊದಲು ಪ್ರಶ್ನೆ ಮಾತ್ರ, ತಾಯಿ, ನಿದ್ದೆ, ಇಷ್ಟೇ, ಗಂಡ ಇಲ್ಲ, ಏಟು ಇಲ್ಲ, ಹಿಮ ಇಲ್ಲ. ಕೈ ತೆಗೆ. ಎರಡನೆಯದು. ಮುಂದೆ.

ಹಿಮ ಇಲ್ಲ, ನೆತ್ತಿ ಈಗಲೂ ಚುರುಗುಟ್ಟುತ್ತದೆ, ಎರಡು ಸಲವೂ ದಪ್ಪ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಬಾಯಿಪಾಠ ಮಾಡಿ, ಹಳದಿ ಹಸಿರು ಗೆರೆ ಎಳೆದು, ಹೋಗಿ ಸೋತು ಬಂದಳು, ಕೊನೆಗೆ ಮಗಳೇ ಅಂದದ್ದು, ಭಾನುವಾರ ಹೇಗೂ ನನ್ನ ಮಂಡಿ ನಡುವೆ ತಲೆ ಕೊಟ್ಟು ಕೂರ್ತೀಯಲ್ಲ ಜಡೆ ಹಾಕಿಸ್ಕೊಳ್ಳೋಕೆ, ಆಗ್ಲೇ ನಾನು ಪ್ರಶ್ನೆ ಓದ್ತೀನಿ, ನೀನು ಉತ್ತರ ಹೇಳು, ಓಡಿಹೋಗೋಕಂತೂ ಆಗಲ್ಲ. ನೆಲದ ಮೇಲೆ ದಿಂಬು, ಎಣ್ಣೆಯ ಡಬ್ಬಿ, ಬಾಚಣಿಗೆಯ ಚೂಪಾದ ಬಾಲ ನೆತ್ತಿಯ ಮೇಲೆ ಬೈತಲೆ ಸೀಳುತ್ತಾ ಹೋಗುತ್ತದೆ, ಮೇಲಿನಿಂದ ಪ್ರಶ್ನೆ ಬೀಳುತ್ತದೆ, ನೆರವು ಕೇಳುವ ಹೆಂಗಸು ಭೇಟಿಗೆ ತಡವಾಗಿ ಬಂದಿದ್ದಾಳೆ, ಮೊದಲು ಏನು ಮಾಡಬೇಕು, ಪಾಪ ಬಸ್ಸು ಸಿಕ್ಕಿಲ್ಲ ಅಂತ ಕಾಣುತ್ತೆ, ಈ ಹಿಮದಲ್ಲಿ ಬಸ್ಸು ಎಲ್ಲಿ ಓಡುತ್ತೆ, ಮೊದಲು ಅವಳ ಕಾಲು ಬೆಚ್ಚಗೆ ಮಾಡಬೇಕು — ಜಡೆ ಜಗ್ಗಿತು. ಅಯ್ಯೋ. ಹಿಮ ಎಲ್ಲಿಂದ ಬಂತಮ್ಮ? ಪ್ರಶ್ನೇಲಿ ಹಿಮ ಇಲ್ಲ, ನೀನೇ ತಂದು ಸುರಿದಿದ್ದು. ಅಂದಿನಿಂದ ಅದೇ ಪಾಠ, ಪ್ರಶ್ನೆಯಲ್ಲಿ ಇಲ್ಲದ್ದನ್ನು ಅವಳು ಸೇರಿಸಿದಾಗಲೆಲ್ಲ ಒಂದು ಜಗ್ಗು, ಕುಡುಕ ಗಂಡನಿಗೆ ಒಂದು ಜಗ್ಗು, ಮನೆ ಖಾಲಿ ಮಾಡಿಸಿದ ಮಾಲೀಕನಿಗೆ ಒಂದು ಜಗ್ಗು, ಅಮ್ಮ, ಈ ಪ್ರಶ್ನೇಲಿರೋಳು ನಿನ್ನ ರಾಷೆಲ್ ಅಲ್ಲ, ಇವಳಿಗೆ ಹೆಸರೇ ಇಲ್ಲ.

ರಾಷೆಲ್. ಜನವರಿ, ಬೆಳಗ್ಗೆ, ಆಶ್ರಯಮನೆಯ ಹೊಸ್ತಿಲಲ್ಲಿ ರಾಷೆಲ್, ಒಂದು ಕಾಲಿಗೆ ನೀಲಿ ಕಾಲುಚೀಲ, ಇನ್ನೊಂದು ಕಾಲು ಬರಿಗಾಲು, ಹೆಬ್ಬೆರಳು ಮೇಣದ ಹಾಗೆ ಬಿಳಿಚಿಕೊಂಡಿತ್ತು, ವರ್ನೀಟಾ ಒಂದು ಮಾತೂ ಕೇಳಲಿಲ್ಲ, ತನ್ನ ಬೂಟು ಬಿಚ್ಚಿ ತೊಡಿಸಿದಳು, ಕೇಳುವುದೇನಿದೆ, ಇಂಥವರನ್ನು ಎಷ್ಟು ಜನರನ್ನು ನೋಡಿಲ್ಲ, ಆ ಮುಂಡೇದು ಹೊರಗೆ ದಬ್ಬಿ ಬಾಗಿಲು ಹಾಕಿಕೊಂಡಿರುತ್ತದೆ, ಗಂಡ ಹೊರಗೆ ದಬ್ಬಿದ ಅಲ್ಲವಾ ಕಂದ, ರಾಷೆಲ್ ಹೌದೆನ್ನುವಂತೆ ತಲೆಯಾಡಿಸಿದಳು. ನೀಲಿ ಕಾಲುಚೀಲ ಹೀಟರಿನ ಮೇಲೆ ಒಣಗುತ್ತಿತ್ತು, ಒಂದೇ. ಪಕ್ಕದ ಪರದೆಯವನು ಸೊರ್ರೆಂದು ಮೂಗು ಎಳೆಯುತ್ತಾನೆ, ಇವನದು ಯಾವ ಪರೀಕ್ಷೆಯೋ, ಗಡಿಯಾರ ಓಡುತ್ತಿದೆ, ಪರದೆ ನೋಡು ವರ್ನೀಟಾ, ಈ ಸಲ ಹೋದರೆ ಹೋಯಿತು, ಮೇಲಿನವರು ಖಂಡಿತವಾಗಿ ಹೇಳಿದ್ದಾರೆ, ತಿಂಗಳ ಕೊನೆಗೆ ಲೈಸೆನ್ಸ್ ಇಲ್ಲದಿದ್ದರೆ ನೀನು ಮುಂದಿನ ಮೇಜಿಗೆ, ಫೋನು ಎತ್ತುವ ಕೆಲಸಕ್ಕೆ, ನಿನ್ನ ಹೆಂಗಸರೆಲ್ಲ ಕೊಲಂಬಸ್ ಪಟ್ಟಣದಿಂದ ಬರುವ ಹೊಸ ಹುಡುಗಿಗೆ, ಅವಳಿಗೆ ಲೈಸೆನ್ಸ್ ಇದೆ, ಬೂಟು ಬಿಚ್ಚಿ ಕೊಡುತ್ತಾಳೋ ಇಲ್ಲವೋ ದೇವರಿಗೇ ಗೊತ್ತು. ಹೊಸಬಳು ಬರುವ ಸುದ್ದಿ ಕೇಳಿ ರಾಷೆಲ್ ಅತ್ತಿರಲಿಲ್ಲ, ಬಟ್ಟೆ ಮಡಿಸುತ್ತಲೇ ಹೇಳಿದಳು, ಮಿಸ್ ವರ್ನೀಟಾ, ಪೊಲೀಸರಿಗೆ ಹೇಳಿದ್ದಾಯ್ತು, ಕೋರ್ಟಲ್ಲಿ ಹೇಳಿದ್ದಾಯ್ತು, ನಿಮಗೆ ಹೇಳೋದೇ ಬೇಕಾಗ್ಲಿಲ್ಲ, ನಿಮಗೆ ಎಲ್ಲಾ ತಾನಾಗೇ ಗೊತ್ತಾಗತ್ತೆ, ಇನ್ನು ಆ ಹೊಸಬಳ ಹತ್ರ ಮೊದಲಿಂದ ಶುರು ಮಾಡೋಕೆ ನನ್ನ ಕೈಲಾಗಲ್ಲ, ನೀವು ಈ ಕೋಣೆ ಬಿಟ್ರೆ ನಾನು ಈ ಮನೆ ಬಿಡ್ತೀನಿ, ಎಲ್ಲಿಗೆ ಅಂತ ಕೇಳ್ಬೇಡಿ. ಕೇಳಲಿಲ್ಲ. ಗೊತ್ತಿತ್ತಲ್ಲ, ಅದೇ ಗಂಡನ ಮನೆಗೆ. ತಾನಾಗೇ ಗೊತ್ತಾಗುತ್ತದೆ ಅಂದದ್ದಕ್ಕೆ ಎಷ್ಟು ಹಿಗ್ಗಿದ್ದಳು ಆ ದಿನ, ಮನೆಗೆ ಹೋಗಿ ಮಗಳಿಗೂ ಹೇಳಿಕೊಂಡಳು.

ಮುಂದೆ, ಮುಂದೆ, ಸೊಂಟ ಹಿಡಿದಿದೆ, ಚರ್ಚಿನಲ್ಲಿ ಪಾದ್ರಿಗಳು ಅವಳ ಹೆಸರು ಹಿಡಿದು ಪ್ರಾರ್ಥನೆ ಮಾಡಿಬಿಟ್ಟರು, ಭಾನುವಾರದ ಟೋಪಿ ತೊಟ್ಟ ಹೆಂಗಸರೆಲ್ಲ ತಿರುಗಿ ನೋಡಿದರು, ಮತ್ತೆ ಪರೀಕ್ಷೆಗೆ ಕೂರ್ತಾಳಂತೆ ಪಾಪ, ದೇವರೇ, ಆ ಟೋಪಿಗಳ ಮುಂದೆ ಮತ್ತೆ ತಲೆ ತಗ್ಗಿಸುವ ಹಾಗೆ ಮಾಡಬೇಡ, ಇದು ಕೊನೆಯ ಪ್ರಶ್ನೆ, ಓದು — ಕಚೇರಿಗೆ ಬಂದ ಹೆಂಗಸು ಮಾತಾಡದೆ ಕೂತಿದ್ದಾಳೆ, ಕಾರ್ಯಕರ್ತೆ ಮೊದಲು ಏನು ಮಾಡಬೇಕು — ಕೈಯಿಂದ ಮುಚ್ಚು, ಹೆಂಗಸು, ಮೌನ, ಅಷ್ಟೇ, ಬರಿಗಾಲಿಲ್ಲ, ಹಿಮ ಇಲ್ಲ, ಕೈ ತೆಗೆ, ಉಳಿಯಲು ಜಾಗ ಹುಡುಕಬೇಕು, ಮನೆಯವರಿಗೆ ಹೇಳಿ ಕಳಿಸಬೇಕು, ಬೇಕಾದ ಬಟ್ಟೆಬರೆ ಕೊಡಬೇಕು, ಏನಾಯಿತೆಂದು ಅವಳ ಬಾಯಿಂದಲೇ ಕೇಳಬೇಕು. ಬೆರಳು ಬಟ್ಟೆಬರೆಯತ್ತ ಹೋಯಿತು, ನೆತ್ತಿ ಚುರುಕ್ಕೆಂದಿತು, ಬೆರಳು ಕೆಳಗಿಳಿಯಿತು, ಕೇಳಬೇಕು, ಒತ್ತಿದಳು, ಮುಗಿಯಿತೇ, ಹೌದು ಮುಗಿಯಿತು, ಪರದೆ ಒಂದು ಗಳಿಗೆ ಬೆಳ್ಳಗಾಯಿತು, ಹಿಮದಷ್ಟು ಬೆಳ್ಳಗೆ, ಮತ್ತೆ ಅಕ್ಷರ ಮೂಡಿತು, ಪಾಸು, ಪಾಸು ಅಂತಿದೆ, ಸರಿಯಾಗಿ ನೋಡು, ಹೌದು, ರಾಷೆಲ್ ಎಲ್ಲಿಗೂ ಹೋಗಬೇಕಿಲ್ಲ, ಕುಣಿಯಬೇಕು ಅನ್ನಿಸಬೇಕಲ್ಲವೇ, ಏಳು, ಡಿಯಾಂಡ್ರಾ ಕಾರಿನಲ್ಲಿ ಕಾಯುತ್ತಿದ್ದಾಳೆ, ಏಳಲಾಗುತ್ತಿಲ್ಲ, ಗಂಡ ದಬ್ಬಿದ್ದರೆ ಕಾಲುಚೀಲ ಎರಡು ಕಾಲಿಗೂ ಇರಬೇಕಿತ್ತು, ಇಲ್ಲ ಎರಡಕ್ಕೂ ಇರಬಾರದಿತ್ತು, ಒಂದೇ ಹೇಗೆ, ಹಾಕಿಕೊಳ್ಳುತ್ತಿದ್ದಳು, ಅವಳೇ ಹೊರಡುತ್ತಿದ್ದಳು, ಮಂಚದ ಅಂಚಿನಲ್ಲಿ ಕೂತು ಒಂದು ಹಾಕಿಕೊಂಡಿದ್ದಳು, ಅಷ್ಟರಲ್ಲಿ ಏನೋ ಆಯಿತು, ದಬ್ಬಿದ ಅಂದವಳು ವರ್ನೀಟಾ, ರಾಷೆಲ್ ಅಲ್ಲ, ರಾಷೆಲ್ ಬರೀ ತಲೆಯಾಡಿಸಿದಳು, ಆಮೇಲೆ ಇಷ್ಟು ತಿಂಗಳೂ ತಲೆಯಾಡಿಸಿದಳು, ಹೀಟರಿನ ಮೇಲೆ ಹಬೆಯಾಡುತ್ತಿದ್ದ ನೀಲಿ ಕಾಲುಚೀಲ, ಒಂದೇ, ರಾಷೆಲ್, ಇನ್ನೊಂದು ಎಲ್ಲಿ ಕಂದ, ಇನ್ನೊಂದು ಎಲ್ಲಿ —