ಇನ್ನೂರು ಮೀಟರಿನೊಳಗೆ

"ಸಾಲಿ ಮುಚ್ಚಿ ನಾಕ್ ವರ್ಷ ಆತ್ರಿ, ಸಾಹೇಬ್ರ. ಈಗ ಅದ್ರಾಗ ನಮ್ಮ ಆಡು ಇರ್ತಾವ."

ಅಮೀನಾಬೀ ಹೀಗೆ ಹೇಳಿದ್ದು ಕೌಸ್ತುಭನಿಗೆ ಹಿಡಿಸಲಿಲ್ಲ. ಅಲ್ಲಿಯವರೆಗೆ ದಿನ ಚೆನ್ನಾಗಿಯೇ ಸಾಗಿತ್ತು. ಕುಸನೂರಿನ ಮನೆಯಿಂದ ಬೈಕಿನಲ್ಲಿ ಕಮಲಾಪುರಕ್ಕೆ ಬರುವಾಗ ಗಾಳಿ ತಂಪಾಗಿತ್ತು. ದಾರಿಯಲ್ಲಿ ಬಿಸಿ ಮಂಡಕ್ಕಿ ಸುಸಲಾ, ಮಿರ್ಚಿ ಸಿಕ್ಕಿತ್ತು.

ಅವನ ಕೆಲಸ ಇಷ್ಟೇ. ಹಗ್ಗ, ಬಟ್ಟೆಯ ನಾರಿಗಾಗಿ ಗಾಂಜಾ ಬೆಳೆಯಲು ಪರವಾನಗಿ ಕೊಡುವ ಕಚೇರಿಯಲ್ಲಿ ಅರ್ಜಿ ನೋಡುವಷ್ಟು ಜನರಿರಲಿಲ್ಲ. ಹಾಗಾಗಿ ಅದು ಹೊರಗಿನ ಸಲಹಾ ಕಂಪನಿಯನ್ನು ಗೊತ್ತುಮಾಡಿಕೊಂಡಿತು, ಕಂಪನಿ ಕೌಸ್ತುಭನನ್ನು. ಇವನು ಸ್ಥಳ ನೋಡಿ ಬರೆಯುತ್ತಾನೆ, ಕಚೇರಿಯ ದೌಲಪ್ಪ ಸಾಹೇಬರು ಸಹಿ ಹಾಕುತ್ತಾರೆ. ನೋಡಿದವನು ಕೊಡುವವನಲ್ಲ, ಕೊಡುವವರು ನೋಡಿದವರಲ್ಲ. ತತ್ವಶಾಸ್ತ್ರದ ಎಂ.ಎ. ಕೊಡದ ನೆಮ್ಮದಿಯನ್ನು ಈ ಏರ್ಪಾಡು ಅವನಿಗೆ ಕೊಟ್ಟಿತ್ತು. ದಿಂಬಿಗೆ ತಲೆ ಕೊಟ್ಟರೆ ಸಾಕು, ನಿದ್ದೆ.

ಅಮೀನಾಬೀಯದು ಹಗ್ಗ ಹೊಸೆಯುವ ಮನೆ. ಪ್ಲಾಸ್ಟಿಕ್ ಹಗ್ಗ ಬಂದ ಮೇಲೆ ಕೈಗೆ ಕೆಲಸವಿಲ್ಲ. ಗಾಂಜಾ ನಾರಿನ ಹಗ್ಗ ಕೊಳ್ಳುವವರಿದ್ದಾರೆ, ಅರ್ಧ ಎಕರೆ ಹೊಲವೂ ಇದೆ. ಬೇಕಾದದ್ದು ಪರವಾನಗಿ. ಈ ಸಲ ತಪ್ಪಿದರೆ ಇನ್ನು ಮೂರು ವರ್ಷ ಅರ್ಜಿ ಹಾಕುವಂತಿಲ್ಲ.

ಹೊಲದಿಂದ ಇನ್ನೂರು ಮೀಟರಿನೊಳಗೆ ಶಾಲೆ ಇದೆಯೇ? ಇದ್ದರೆ ಅರ್ಜಿ ತಿರಸ್ಕೃತ. ಫೋನಿನ ಫಾರಂನಲ್ಲಿ ಎರಡೇ ಚೌಕ: ಇದೆ, ಇಲ್ಲ. ಆಡುಗಳಿರುವ ಶಾಲೆ ಹೊಲದಿಂದ ನೂರು ಹೆಜ್ಜೆಯಲ್ಲೇ ಇತ್ತು.

ಬೇವಿನ ನೆರಳಿಗೆ ಸರಿದು ದೌಲಪ್ಪ ಸಾಹೇಬರಿಗೆ ಫೋನು ಮಾಡಿ ಸಂಗತಿ ಹೇಳಿದ.

"ದಾಖಲೆದಾಗ ಸಾಲಿ ಅದ ಏನ್ರಿ?" ಸಾಹೇಬರು ಕೇಳಿದರು.

"ಅದರಿ. ಆದ್ರ ಹುಡುಗ್ರಿಲ್ಲ."

"ತಜ್ಞರು ನೀವು. ನೀವು ಹೆಂಗ ಬರೀತೀರಿ ಹಂಗ ಸಹಿ ಹಾಕ್ತೀನಿ."

ಕಂಪನಿಯ ಮೃದುಲಾ ಮೇಡಂ ಅವರನ್ನೂ ಕೇಳಿದ. "ನಾವು ಬರೇ ಸಲಹಾ ಕೊಡೋರು, ಕೌಸ್ತುಭ. ನಿರ್ಧಾರ ಅವರದು."

ಇಬ್ಬರ ಮಾತೂ ಸರಿಯಾಗಿತ್ತು. ದಾಖಲೆಯಲ್ಲಿದ್ದಂತೆ ಬರೆದರೆ ತಪ್ಪು ಯಾರದೂ ಅಲ್ಲ. 'ಇದೆ' ಎಂಬುದನ್ನು ಒತ್ತಿದ. ಒತ್ತಿದ ಮೇಲೆ ಮುಚ್ಚುಮರೆ ಏಕೆ, ಅವನಿಗೆ ಸಂತೋಷವೇ ಆಯಿತು. ಫಾರಂ ಶಾಲೆಯ ಫೋಟೊ ಕೇಳಿತು.

"ಸಾಲೀದೊಂದು ಫೋಟೊ ಬೇಕ್ರಿ, ಅಮೀನಾಬೀ."

"ತಡೀರಿ, ತಡೀರಿ. ಇಷ್ಟು ಹೊಲಸಿದ್ದಾಗ ತೆಗದ್ರ ನನ್ನ ಅರ್ಜಿ ಪಾಸಾಗ್ತದೇನು?"

ಅವಳು ಓಡಿದಳು. ಆಡುಗಳನ್ನು ಹೊರಗಟ್ಟಿದಳು, ಹಿಕ್ಕೆ ಗುಡಿಸಿದಳು, ಎರಡು ಕೊಡ ನೀರು ಸುರಿದು ನೆಲ ತೊಳೆದಳು. ಕರಿಹಲಗೆಯನ್ನು ಸೆರಗಿನಿಂದ ಒರೆಸಿದಳು. ಬೇಡ ಎನ್ನಬಹುದಿತ್ತು. ಕೌಸ್ತುಭ ಅನ್ನಲಿಲ್ಲ. ಗುಡಿಸುವವರ ಕೈ ತಡೆಯುವ ಅಧಿಕಾರ ಸಲಹೆಗಾರನಿಗೆ ಎಲ್ಲಿಯದು?

ಫೋಟೊ ಚೆನ್ನಾಗಿ ಬಂತು. ಇನ್ನೇನು ಗಂಟೆ ಬಾರಿಸಿದರೆ ಮಕ್ಕಳು ಬಂದು ಕೂಡುತ್ತಾರೆ ಎನ್ನುವಂತಿತ್ತು. ಕಳುಹಿಸಿದ, ಹೋಯಿತು.

"ಆಗ್ತದಲ್ರಿ, ಸಾಹೇಬ್ರ?"

"ಮ್ಯಾಲಿನವ್ರು ನೋಡ್ತಾರ್ರಿ."

ಅಷ್ಟಕ್ಕೇ ಅವಳ ಮುಖ ಅರಳಿತು. "ಹಂಗಾದ್ರ ಇನ್ನ ಆಡು ಒಳಗ ಬಿಡ್ಲೇನ್ರಿ? ಬಿಸಲಾಗ ನಿಂತಾವ."

ಕೌಸ್ತುಭ ಬಾಯಿ ತೆರೆದ. ಹೂಂ ಎಂದರೆ ಅದು ಕೊಟ್ಟಿಗೆ, ಉಹೂಂ ಎಂದರೆ ಶಾಲೆ. ಅವಳು ಒಂದು ಕೈಯಲ್ಲಿ ಬಾಗಿಲು ಹಿಡಿದು, ಇನ್ನೊಂದರಲ್ಲಿ ಮುಂದಿನ ಆಡಿನ ಕೊಂಬು ಒತ್ತಿ ಹಿಡಿದು, ಅವನ ಬಾಯನ್ನೇ ನೋಡುತ್ತ ನಿಂತಿದ್ದಳು. ಅವನು ಫೋನು ತೆಗೆದು ದೌಲಪ್ಪ ಸಾಹೇಬರ ನಂಬರು ಒತ್ತಿದ. ಅತ್ತ ಗಂಟೆ ಹೊಡೆಯುತ್ತಲೇ ಇತ್ತು. ಅವಳ ಬೆನ್ನ ಹಿಂದೆ ಖಾಲಿ ಕೋಣೆಯ ಒದ್ದೆ ನೆಲ ಆಗಲೇ ಒಣಗತೊಡಗಿತ್ತು.